ಹತ್ತನೆಯ ಗೋಲು

ದಸರೆಗೆ ಮುಂಚೆ ಮನೆಗೆ ಸುಣ್ಣ ಬಳಿಸುವ ಕೆಲಸ ಯಾರ ಮನೆಯಲ್ಲೂ ಗೋಡೆಗಳಿಗೇ ಮುಗಿಯುವುದಿಲ್ಲ. ಗೋಡೆಗೆ ಆನಿಸಿಟ್ಟ ಟ್ರಂಕನ್ನು ನಡುಮನೆಗೆ ಎಳೆಯಬೇಕು, ಎಳೆದ ಮೇಲೆ ತೆರೆಯಬೇಕು, ತೆರೆದ ಮೇಲೆ ಒಳಗಿದ್ದದ್ದನ್ನೆಲ್ಲ ಬಿಸಿಲಿಗೆ ಹಾಕಬೇಕು. ಹಾಗೆ ಹಾಕುವಾಗ ಒಂದೊಂದನ್ನೂ ತಿರುವಿ ನೋಡದೆ ಸುಮ್ಮನಿರುವ ಸ್ಥಿತಪ್ರಜ್ಞರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ದೂರದಿಂದಲೇ ನಮಸ್ಕಾರ. ಹೋದ ತಿಂಗಳು ಘಟಪ್ರಭೆಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ, ಹೆಂಡತಿಯ ಇರಕಲ್ ಸೀರೆಗಳಿಗೂ ಮಕ್ಕಳ ಹಳೆಯ ಕುಲಾಯಿಗಳಿಗೂ ನಡುವೆ, ನಾನು ಕಾಲೇಜಿನಲ್ಲಿದ್ದಾಗ ಬರೆಯುತ್ತಿದ್ದ ದಿನಚರಿಯೊಂದು ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿತ್ತು. ಎತ್ತಿಕೊಂಡೆ. ಹಾಳೆ ತಾನಾಗಿ ಒಂದು ಕಡೆ ತೆರೆದುಕೊಂಡಿತು. ಅದರ ಅಂಚಿನಲ್ಲಿ ಗುಲಾಲು ಮೆತ್ತಿದ ಹೆಬ್ಬೆರಳಿನ ಗುರುತು, ಇಷ್ಟು ವರ್ಷವಾದರೂ ಮಾಸದೆ, ಮದುಮಗಳ ಕೆನ್ನೆಯ ಹಾಗೆ ಕೆಂಪಗಿತ್ತು.

ಓದುವ ಅಗತ್ಯವೇ ಇರಲಿಲ್ಲ. ಆ ಬಣ್ಣ ಯಾವ ದಿನದ್ದೆಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದುಕೊಂಡಿದ್ದೆ ಎನ್ನುವುದು ಹೆಚ್ಚು ಸರಿ. ಆದ್ದರಿಂದ ಆ ದಿನವನ್ನು ಮೊದಲು ನನ್ನ ನೆನಪಿನಲ್ಲಿದ್ದ ಹಾಗೆಯೇ ನಿಮಗೆ ಹೇಳಿಬಿಡುತ್ತೇನೆ. ಹಾಳೆಯಲ್ಲಿ ಇದ್ದದ್ದನ್ನು ಆಮೇಲೆ ಓದೋಣ.

ನಮ್ಮ ಸೀಮೆ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ ಅದು. ನಾನು ಬೆಳಗಾವಿಯಲ್ಲಿ ಓದುತ್ತಿದ್ದೆ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಬಸವರಾಜ ನನ್ನ ಹಾಗೆಯೇ ಗೋಕಾಕದವನು. ರಜೆಯಲ್ಲಿ ತನ್ನ ಊರಿನ ಜನಕ್ಕೆ ತನ್ನ ಆಟವನ್ನು ಒಮ್ಮೆಯಾದರೂ ತೋರಿಸಬೇಕೆಂಬ ಹಂಬಲದಿಂದ ಅವನು ಇಡೀ ತಂಡವನ್ನು ಗೋಕಾಕಕ್ಕೆ ಕರೆತಂದ. ಎದುರಾಳಿಗಳಾಗಿ ಸಿಕ್ಕವರು ಹುಕ್ಕೇರಿಯ ತರುಣರು: ಹೊಲ, ಅಂಗಡಿ, ಮಗ್ಗ ಬಿಟ್ಟು ಬಂದು ಸಂಜೆ ಒಂದಿಷ್ಟು ಚೆಂಡು ಒದ್ದು ಖುಷಿಪಡುತ್ತಿದ್ದ ಹುಡುಗರು. ನಮ್ಮವರ ಕಾಲಲ್ಲಿ ಬೂಟು; ಅವರದು ಬರಿಗಾಲು. ಊರ ಹೊರಗಿನ ಬಯಲಿನಲ್ಲಿ ಎರಡೆರಡು ಬಿದಿರ ಗಳ ನೆಟ್ಟು, ಮೇಲೊಂದು ಹಗ್ಗ ಕಟ್ಟಿ ಗೋಲು ಮಾಡಿದ್ದರು. ನೋಡಲು, ನನ್ನನ್ನೂ ಸೇರಿಸಿ, ಊರಿಗೆ ಊರೇ ಬಂದಿತ್ತು, ಯಾಕೆಂದರೆ ಆ ಮಧ್ಯಾಹ್ನ ನೋಡಲು ಬೇರೇನೂ ಇರಲಿಲ್ಲ.

ಬಂದವರಲ್ಲಿ ಮುಖ್ಯರಾದವರು ಬಸವರಾಜನ ಸೋದರಮಾವ. ಮೂಡಲಗಿಯ ಈ ಹಿರಿಯರು ಸುತ್ತಲ ಹಳ್ಳಿಗಳ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ವಸ್ತಾದರು. ಹೆಗಲ ಮೇಲೆ ಜರಿಯ ಅಂಚಿನ ಹೊಸ ರುಮಾಲು, ಹಿಂದೆ ಒಬ್ಬ ಹಲಗೆ ಬಾರಿಸುವವನು, ಒಂದು ಚೀಲದ ತುಂಬ ಗುಲಾಲು. ಗೆದ್ದ ಪೈಲವಾನನಿಗೆ ರುಮಾಲು ಸುತ್ತಿ, ಗುಲಾಲು ಎರಚಿ, ಹಲಗೆ ಬಾರಿಸುತ್ತ ಮೆರೆಸುವುದು ನಮ್ಮ ಕಡೆಯ ಪದ್ಧತಿ. ಅಳಿಯ ಗೆದ್ದರೆ ಅಷ್ಟೂ ಆಗಬೇಕೆಂದು ಅವರು ತಯಾರಾಗಿಯೇ ಬಂದಿದ್ದರು. ಫುಟ್‌ಬಾಲನ್ನು ಮಾತ್ರ ಅವರು ಅದುವರೆಗೆ ನೋಡಿರಲಿಲ್ಲ.

ಆಟ ಶುರುವಾಗಿ ಐದು ನಿಮಿಷವಾಗಿರಲಿಕ್ಕಿಲ್ಲ, ಬಸವರಾಜ ಮೊದಲ ಗೋಲು ಹೊಡೆದ. ಮರುಕ್ಷಣ ಹಲಗೆ ಗುಡುಗಿತು, ಬಯಲೆಲ್ಲ ಕೆಂಪಾಯಿತು. ವಸ್ತಾದರು ಧೋತರ ಎತ್ತಿ ಕಟ್ಟಿಕೊಂಡು ನಡುಬಯಲಿಗೆ ಓಡಿ ಅಳಿಯನ ತಲೆಗೆ ರುಮಾಲು ಸುತ್ತತೊಡಗಿದರು. ಅವರ ಹಿಂದೆ ಇಡೀ ಗೋಕಾಕ. ಮಿಲಿಟರಿಯಿಂದ ಪಿಂಚಣಿ ಪಡೆದು ಬಂದಿದ್ದ ಹವಾಲ್ದಾರರೊಬ್ಬರು ರೆಫರಿಯಾಗಿದ್ದರು. ಅವರು ಊದಿದ ಸೀಟಿ ಹಲಗೆಯ ಸದ್ದಿನಲ್ಲಿ ಸೊಳ್ಳೆಯ ಗುಂಯ್‌ಗುಡುವಿಕೆಯಾಯಿತು.

"ವಸ್ತಾದರ, ಹೊರಗ ನಡೀರಿ, ಆಟ ನಡದೈತಿ!"

"ಮುಗೀತಲ್ರಿ ಹವಾಲ್ದಾರ್ರ, ಚಿತ್ ಆತಲ್ಲ!"

"ಎಲ್ಲಿ ಮುಗೀತು? ಇನ್ನೂ ಒಂದ ತಾಸ ಐತಿ."

"ಚೆಂಡ ಒಳಗ ಹೋತೋ ಇಲ್ಲೋ?"

"ಹೋತ್ರಿ. ಮತ್ತ ಹೋಗ್ತೈತಿ."

ವಸ್ತಾದರು ಅರ್ಧ ಸುತ್ತಿದ್ದ ರುಮಾಲನ್ನು ಕೈಯಲ್ಲಿ ಹಿಡಿದೇ ನಿಂತರು. "ಒಮ್ಮೆ ಬಿದ್ದಾಂವನ್ನ ಮತ್ತ ಮತ್ತ ಕೆಡವೂದು ಇದೆಂಥಾ ಆಟಾರೀ?" ಎಂದು ಕೇಳಿದರು. ಕೇಳಿದ್ದು ಹವಾಲ್ದಾರರನ್ನಾದರೂ ಆ ಪ್ರಶ್ನೆ ನಮ್ಮೆಲ್ಲರಿಗೂ ಸೇರಿದ್ದು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಯಿತು. ಗೆದ್ದವನೇ ಕೈ ಚಾಚಿ ಸೋತವನನ್ನು ಎಬ್ಬಿಸುತ್ತಾನೆ, ಅವನ ಬೆನ್ನಿನ ಮಣ್ಣು ಕೊಡವುತ್ತಾನೆ. ಗಡಿಯಾರ ನೋಡಿಕೊಂಡು ಸೋಲಿಸುವುದು ಆ ಜನಕ್ಕೆ ಗೊತ್ತಿರಲಿಲ್ಲ. ಆದರೂ ಎರಡನೆಯ ಗೋಲಿಗೂ ಓಡಿದರು, ಮೂರನೆಯದಕ್ಕೂ ಓಡಿದರು. ನಾಲ್ಕನೆಯದಕ್ಕೆ ಹಲಗೆಯವನು ಕುಳಿತಲ್ಲೇ ಎರಡು ಏಟು ಹಾಕಿದ. ಐದನೆಯದಕ್ಕೆ ಸದ್ದೇ ಇಲ್ಲ. ಬೆಲ್ಲ ಹೆಚ್ಚಾದ ಹೋಳಿಗೆಯ ಹಾಗೆ, ಗೆಲುವು ಗಂಟಲಲ್ಲಿ ಇಳಿಯದಾಗಿತ್ತು.

ಆಗ ವಸ್ತಾದರು ಎದ್ದರು. ನೆಟ್ಟಗೆ ಹುಕ್ಕೇರಿಯ ಗೋಲಿಗೆ ನಡೆದರು. ಅಲ್ಲಿ ಗೋಲು ಕಾಯುತ್ತಿದ್ದವನು ಶಿವಪ್ಪ ಎಂಬ ನೀಳದೇಹದ ತರುಣ. ಚೆಂಡಿಗೆ ಹಾರಿ ಹಾರಿ ಗರಸು ನೆಲದ ಮೇಲೆ ಬಿದ್ದು ಮೊಣಕೈ ಮೊಣಕಾಲು ತರಚಿಕೊಂಡಿದ್ದ. ವಸ್ತಾದರು ಅವನನ್ನು ಎಬ್ಬಿಸಿ, ಹಿಂದಕ್ಕೆ ತಿರುಗಿಸಿ ಬೆನ್ನು ನೋಡಿದರು, ಮುಂದಕ್ಕೆ ತಿರುಗಿಸಿ ಎದೆ ನೋಡಿದರು. "ಬೆನ್ನಿಗೆ ಮಣ್ಣ ಹತ್ತಿಲ್ಲ, ಎದಿಗಷ್ಟ ಹತ್ತೇತಿ. ನೀ ಇನ್ನೂ ಸೋತಿಲ್ಲಪಾ!" ಎಂದು ಸಾರಿದರು. ಹಲಗೆಯವನನ್ನು ಕರೆದುಕೊಂಡು, ಹುಕ್ಕೇರಿಯಿಂದ ಬಂದಿದ್ದ ಒಂದಿಷ್ಟು ಜನ ಮೂಲೆ ಹಿಡಿದು ಕುಳಿತಿದ್ದ ಆಚೆಯ ಬದಿಗೆ ಹೋಗಿ ಅವರ ಸಾಲಿನಲ್ಲಿ ಕುಳಿತರು.

"ವಸ್ತಾದರ, ಅಳ್ಯಾ ಈ ಕಡೆ ಅದಾನ್ರಿ!" ಎಂದು ನಮ್ಮ ಹುಡುಗರಲ್ಲೊಬ್ಬ ಕೂಗಿದ.

"ಅವನ ಕಡೆ ನೀವೆಲ್ಲಾರೂ ಅದೀರಿ, ಮ್ಯಾಲ ಬೂಟೂ ಅದಾವ. ಇವರ ಕಡೆ ಯಾರದಾರ?"

ಮೊದಲು ನಾಲ್ಕು ಮಂದಿ ಎದ್ದು ಆ ಕಡೆ ಹೋದರು. ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಅಲ್ಲಿಂದ ಮುಂದೆ ಹಲಗೆ ಬಾರಿಸಿದ್ದು ಗೋಲು ಆದಾಗ ಅಲ್ಲ, ಶಿವಪ್ಪ ಚೆಂಡು ತಡೆದಾಗ. ನಮ್ಮವರು ಇನ್ನೂ ನಾಲ್ಕು ಗೋಲು ಹೊಡೆದರು; ಆ ಬಯಲಿನಲ್ಲಿ ಅದು ಯಾರಿಗೂ ಬೇಡವಾದ ಸುದ್ದಿ. ಕೊನೆಯ ನಿಮಿಷದಲ್ಲಿ ಬಸವರಾಜ ಎಲ್ಲ ಬಲ ಹಾಕಿ ಒದ್ದ ಚೆಂಡನ್ನು ಶಿವಪ್ಪ ಎದೆಗೆ ಅವಚಿಕೊಂಡು ಬಿದ್ದ, ಹವಾಲ್ದಾರರು ಸೀಟಿ ಊದಿದರು. ಗೋಕಾಕಕ್ಕೆ ಗೋಕಾಕವೇ ನುಗ್ಗಿ ಅವನನ್ನು ಎತ್ತಿಕೊಂಡು, ಉಳಿದ ಗುಲಾಲೆಲ್ಲ ಅವನ ಮೇಲೆ ಸುರಿದು, ಆ ಜರಿಯ ರುಮಾಲನ್ನು ಅವನ ತಲೆಗೇ ಸುತ್ತಿ ಬಯಲು ಸುತ್ತಿಸಿತು. ಒಂಬತ್ತು ಸೊನ್ನೆಯಿಂದ ಗೆದ್ದ ನಮ್ಮ ತಂಡಕ್ಕೆ ಒಂದು ಹೂವಿನ ಎಸಳೂ ಬೀಳಲಿಲ್ಲ. ಬಸವರಾಜ ಒಬ್ಬನೇ ಕುಳಿತು ಬೂಟಿನ ಲಾಡಿ ಬಿಚ್ಚುತ್ತಿದ್ದ.

ಆ ಗುಂಪಿನಲ್ಲಿ ನಾನಿದ್ದೆ. ವಸ್ತಾದರ ಹಿಂದೆ ಆ ಕಡೆ ಹೋದ ಮೊದಲ ಹತ್ತು ಮಂದಿಯಲ್ಲಿ ನಾನೊಬ್ಬ. ಶಿವಪ್ಪನ ಎಡಗಾಲು ನನ್ನ ಹೆಗಲ ಮೇಲಿತ್ತು; ಅವನ ಮೊಣಕಾಲಿನ ರಕ್ತ ನನ್ನ ಅಂಗಿಗೆ ಹತ್ತಿತ್ತು; ಆ ಭಾರ ಇಂದಿಗೂ ಹೆಗಲಿಗೆ ಗೊತ್ತು.

ಇದು ನನ್ನ ನೆನಪು. ಈ ಕಥೆಗೆ ಬೇರೆ ಪಾಠಾಂತರಗಳೂ ಇವೆ. ಗೋಕಾಕದ ಚಹದ ಅಂಗಡಿಗಳಲ್ಲಿ ಆ ಒಂಬತ್ತು ಗೋಲು ಎರಡು-ಮೂರು ವರ್ಷಕ್ಕೊಂದರಂತೆ ಬೆಳೆದು ಹದಿನಾಲ್ಕಾಗಿದ್ದವು. ಮೂಡಲಗಿಯಲ್ಲಿ ವಸ್ತಾದರ ಶಿಷ್ಯನೊಬ್ಬ, ಗುರುಗಳು ತಾವೇ ಲಂಗೋಟಿ ಬಿಗಿದು ಇಳಿದು ಎರಡು ಚೆಂಡು ಹಿಡಿದರೆಂದು ನನಗೇ ಹೇಳಿದ್ದ. ನಾನು ನಗುತ್ತಿದ್ದೆ. ಓದಿದವನು, ದಿನಚರಿ ಬರೆಯುವವನು ನಾನು. ನನ್ನ ನೆನಪಿಗೆ ಅಂಥ ಮೀಸೆ ಗಡ್ಡ ಮೊಳೆಯಲಾರವೆಂಬ ಭರವಸೆ. ಹುಕ್ಕೇರಿಯಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೆಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ. ಹೆಂಡತಿಯ ತವರಿನಲ್ಲಿ ಕೇಳುವ ಪ್ರಶ್ನೆಯಲ್ಲ ಅದು.

ಹೌದು, ಹೆಂಡತಿಯ ತವರು. ಪಂದ್ಯವಾಗಿ ಮೂರು ವರ್ಷಕ್ಕೆ, ನಾನು ಘಟಪ್ರಭೆಯಲ್ಲಿ ಮಾಸ್ತರನಾದ ಮೇಲೆ, ನಮ್ಮ ಕಾಕಾ ನನ್ನನ್ನು ಹುಕ್ಕೇರಿಗೆ ಹೆಣ್ಣು ನೋಡಲು ಕರೆದೊಯ್ದರು. ಹೆಣ್ಣಿನ ತಂದೆ ಮಾತಿಗೆ ಮೊದಲೇ, "ಗೋಕಾಂವಿ ಮಂದಿ ನಮ್ಮ ಹುಡುಗರನ್ನ ನೋಡಿ ಕೇಕಿ ಹಾಕಿ ನಕ್ಕಾರ. ಅಂಥಾ ಊರಿಗೆ ಮಗಳನ್ನ ಕೊಡಾಕ ನನಗ ಮನಸಿಲ್ಲ" ಎಂದುಬಿಟ್ಟರು. ಅಷ್ಟರಲ್ಲಿ ಒಳಗಿನಿಂದ ನೀಳದೇಹದ ಒಬ್ಬರು ಹೊರಗೆ ಬಂದರು. ಶಿವಪ್ಪ! ಹುಡುಗಿ ಅವರ ತಂಗಿ. ನನ್ನ ಊರು, ಓದಿದ ಕಾಲೇಜು ಕೇಳಿದರು, ನನ್ನ ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು, ತಂದೆಯ ಕಡೆ ತಿರುಗಿ ಹೇಳಿದರು: "ಅಪ್ಪಾ, ಅವತ್ತ ನಮ್ಮ ಕಡೆ ಬಂದು ನಿಂತ ಹುಡುಗರೊಳಗ ಇವರೂ ಇದ್ರು. ನನ್ನ ಎತ್ಕೊಂಡು ತಿರುಗಿದವರೊಳಗ ಇವರೂ ಒಬ್ಬರು."

ಆ ಒಂದು ಮಾತಿನಿಂದ ನನ್ನ ಮದುವೆಯಾಯಿತು. ನನ್ನ ಹೆಂಡತಿ ಕಮಲಾ ಆ ಮಾತನ್ನು ಬಾಗಿಲ ಹಿಂದೆ ನಿಂತು ಕೇಳಿದ್ದಳು. ನನ್ನ ಮೋರೆ ನೋಡುವ ಮೊದಲೇ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದಾಗಿ ಆಮೇಲೆ ಹೇಳಿದಳು. ಈಗ ಮಕ್ಕಳಿಗೂ ಹೇಳುತ್ತಾಳೆ: "ನಿಮ್ಮಪ್ಪ ಗೆದ್ದವರನ್ನ ಬಿಟ್ಟು ಸೋತವರ ಕಡೆ ಹೋಗಿ ನಿಂತಾಂವ." ಸಾಲೆಯಲ್ಲಿ ಯಾರೊಡನೆಯೋ ಜಗಳವಾಡಿ ಬಂದರೆ ಈ ಕಥೆ, ಸೋತ ಗೆಳೆಯನನ್ನು ಅಣಕಿಸಿದರೆ ಈ ಕಥೆ. ನಮ್ಮ ಮನೆಯಲ್ಲಿ ನನ್ನ ಹೆಸರಿಗೆ ಏನಾದರೂ ಬೆಲೆಯಿದ್ದರೆ ಅದು ಈ ಕಥೆಯಿಂದ.

ಇನ್ನು ಹಾಳೆಯನ್ನು ಓದೋಣ. ಅದೇ ದಿನ ಸಂಜೆ, ನನ್ನದೇ ಕೈಬರಹದಲ್ಲಿ ಇರುವುದಿಷ್ಟು: "ಒಂಬತ್ತು ಗೋಲಿನಿಂದ ಗೆದ್ದೆವು. ಗೋಲಿನ ಗಳದ ಹತ್ತಿರವೇ ಕೊನೆಯವರೆಗೆ ನಿಂತಿದ್ದೆ. ಬಾಗಲಾ ತಗದ ಮಲಗ್ಯಾನೋ ಹುಕ್ಕೇರ್ಯಾಂವ ಎಂದು ನಾನು ಕೂಗಿದ್ದಕ್ಕೆ ಎಲ್ಲರೂ ನಕ್ಕರು. ಹತ್ತು ಮಾಡ್ರೋ, ಹತ್ತು ಮಾಡ್ರೋ ಎಂದು ಕೂಗಿ ಗಂಟಲು ಬಿದ್ದಿದೆ. ಹತ್ತಾಗಲಿಲ್ಲ. ವಸ್ತಾದರು ಆ ಕಡೆ ಹೋದದ್ದು ಸರಿಯಲ್ಲ. ತಮ್ಮವರ ಮೇಲೆ ಕರುಳಿಲ್ಲದ ಮನುಷ್ಯ. ಜನವೆಲ್ಲ ಅತ್ತ ಓಡಿದಾಗ ನಾನು ಮತ್ತು ಬಸು ಇಬ್ಬರೇ ಉಳಿದೆವು."

ಮೂರು ಸಲ ಓದಿದೆ. ಅಕ್ಷರ ನನ್ನದೇ. ಗುಲಾಲು ಮೊದಲ ಗೋಲಿಗೆ ಎರಚಿದ್ದಿರಬೇಕು. ಅದು ಎಲ್ಲರ ಮೈಮೇಲೂ ಬಿದ್ದಿತ್ತು, ಅದಕ್ಕೆ ಪಕ್ಷಪಾತವಿಲ್ಲ. ಹಾಗಾದರೆ ಹೆಗಲ ಮೇಲಿನ ಆ ಕಾಲು ಯಾರದು? ಅಂಗಿಗೆ ಹತ್ತಿದ ಆ ರಕ್ತ? ನೆನಪು ನಮ್ಮ ಮನೆಯ ಸಿಂಪಿಗ, ಗೆಳೆಯರೇ. ಇದ್ದ ಅರಿವೆಯಲ್ಲಿ ನಮ್ಮ ಮೈಗೆ ಒಪ್ಪುವ ಅಂಗಿ ಹೊಲಿದುಕೊಡುತ್ತಾನೆ. ತುಣುಕುಗಳನ್ನು ಎಲ್ಲಿ ಬಿಸಾಡಿದನೆಂದು ನಾವು ಕೇಳುವುದಿಲ್ಲ. ಆದರೆ ನನ್ನನ್ನು ಕಾಡಿದ್ದು ಅದಕ್ಕಿಂತ ಮೊನಚಾದ ಒಂದು ಸಂಶಯ. ಪಂದ್ಯವಾಗಿ ಇಷ್ಟು ವರ್ಷಕ್ಕೆ ಮರೆಯುವುದು ಸಹಜ. ಆದರೆ ಹೆಣ್ಣು ನೋಡಲು ಹೋದಾಗ ಮೂರೇ ವರ್ಷವಾಗಿತ್ತು. ಶಿವಪ್ಪ ಆ ಮಾತು ಹೇಳಿದಾಗ ನಾನು ಸುಮ್ಮನೆ ಕುಳಿತಿದ್ದು ನಿಜವನ್ನು ಮರೆತೋ, ನೆನಪಿದ್ದೋ? ಎಷ್ಟು ಕೆದಕಿದರೂ ಕಂಡದ್ದು ಒಂದೇ: ಕೈಯಲ್ಲಿದ್ದ ಚಹದ ಬಟ್ಟಲು, ಬಾಗಿಲ ಹಿಂದೆ ಸದ್ದಾದ ಬಳೆ. ಆ ಬಳೆಯ ಸದ್ದು ಕೇಳಿಸಿಕೊಂಡ ಯಾವ ತರುಣ ತಾನೇ "ಇಲ್ಲರಿ, ನಾ ಆ ಕಡೆ ಇರಲಿಲ್ಲ" ಎಂದಾನು?

ಕಮಲಾಗೆ ಹೇಳಲೇಬೇಕು ಅನಿಸಿತು. ಹೇಳಿದರೆ, ಅವಳು ಬಾಗಿಲ ಹಿಂದೆ ನಿಂತು ಒಪ್ಪಿದ ಮನುಷ್ಯ ಇಲ್ಲವೇ ಇಲ್ಲ ಎಂದಾಗುತ್ತದೆ. ನಾಲ್ಕು ದಿನ ಒದ್ದಾಡಿ, ಮೊದಲು ಶಿವಪ್ಪಣ್ಣನಿಗೆ ಹೇಳುವುದು ನ್ಯಾಯವೆಂದು ರವಿವಾರ ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಹಾದಿಯುದ್ದಕ್ಕೂ ಕಬ್ಬಿನ ಹೊಲಗಳನ್ನು ನೋಡುತ್ತ, ಆಡಬೇಕಾದ ಮಾತುಗಳನ್ನು ಪಾಠದ ಹಾಗೆ ಒಪ್ಪಿಸಿಕೊಳ್ಳುತ್ತ ಹೋದೆ.

ಅವರ ಅರಿವೆಯ ಅಂಗಡಿ ಬಾಜಾರಿನಲ್ಲಿದೆ. ಗಿರಾಕಿಯೊಬ್ಬರಿಗೆ ಅಂಗಿಯ ಬಟ್ಟೆ ಅಳೆದು ಹರಿದುಕೊಡುತ್ತಿದ್ದರು. "ಬರ್ರಿ ಮಾಸ್ತರ, ಏನ್ರಿ ಒಬ್ಬರ ಬಂದೀರಿ? ಕಮಲೀ ಕೂಡ ಜಗಳಾ ಆಡೀರೇನು?" ಎಂದು ನಕ್ಕರು. ಗಿರಾಕಿ ಹೋದ ಮೇಲೆ ನಾನು ದಿನಚರಿಯ ಹಾಳೆಯನ್ನು ಅವರ ಮುಂದೆ ಇಟ್ಟೆ. ಬೆರಳಿಟ್ಟು ನಿಧಾನವಾಗಿ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಶಿವಪ್ಪಣ್ಣಾ, ನಾ ಆ ಕಡೆ ಬಂದಿರಲಿಲ್ರಿ," ಎಂದೆ.

"ಗೊತ್ತೈತಿ."

"ಗೊತ್ತೈತಿ?"

"ಗಳಕ್ಕ ಆತು ನಿಂತು ತಾಸಗಟ್ಟಲೆ ಒದರೀರಿ. ನನ್ನ ಕಿವಿ ಅಲ್ಲೇ ಇತ್ತಲ್ರಿ? ಮೋರಿ ನೋಡಿರಲಿಲ್ಲ, ನಾ ಚೆಂಡ ನೋಡಬೇಕಿತ್ತು. ಆದ್ರ ಹೆಣ್ಣ ನೋಡಾಕ ಬಂದು ನೀವು ಬಾಯಿ ತಗದ ಕೂಡ್ಲೆ ದನಿ ಗುರುತು ಹಿಡದ್ನಿ. ಇಂವಾ ಹತ್ತು ಮಾಡ್ರೋ ಅಂದಾಂವ!"

ನನಗೆ ಅಂಗಡಿಯ ಬಟ್ಟೆಯ ಥಾನುಗಳೆಲ್ಲ ಒಮ್ಮೆಲೇ ಮೇಲೆ ಬಿದ್ದ ಹಾಗಾಯಿತು. "ಮತ್ತ ಮಾವಾರ ಮುಂದ ಯಾಕ ಹಂಗ ಹೇಳಿದ್ರಿ?"

ಅವರು ಅಳತೆಯ ಕೋಲನ್ನು ಎತ್ತಿ ಗೋಡೆಗೆ ಆನಿಸಿಟ್ಟರು. "ತಂಗಿ ಮೂರು ಗಂಡು ಬ್ಯಾಡಂದಿದ್ಲು. ನೀವು ಬಂದಾಗ ಬಾಗಲಾ ಸಂದಿಯಿಂದ ನೋಡಾಕತ್ತಿದ್ಲು. ಅಪ್ಪ ನೋಡಿದ್ರ ಹಳೇ ಸಿಟ್ಟಿನ್ಯಾಗ ಕುಂತಿದ್ದ. ಏನರ ಒಂದು ಹೇಳಬೇಕಿತ್ತು, ಹೇಳಿದ್ನಿ. ಮ್ಯಾಲ ಇನ್ನೊಂದ ಮಾತು. ನೀವು ಹತ್ತು ಕೇಳಿದ್ರಿ ಖರೆ, ಸಿಕ್ಕಿತೇನು? ಒಂಬತ್ತು ಬಿಟ್ಟಾಂವ ನಾನು, ಹತ್ತನೇದ್ದು ಬಿಡಲಿಲ್ಲ. ನೀವು ಹಂಗ ಒದರದಿದ್ರ ಅದನ್ನೂ ಬಿಡತಿದ್ನಿ, ಮೈಯಾಗ ಕಸುವ ಇರಲಿಲ್ಲ. ಸಿಟ್ಟಿಗೆದ್ದು ಹಿಡದ್ನಿ. ಊರ ಮಂದಿ ನನ್ನ ಎತ್ಕೊಂಡು ಮೆರಿಸಿದ್ದು ಅದಕ್ಕ ಅಲ್ಲೇನು?"

ನನ್ನ ಅತಿ ಖಚಿತವಾದ ನೆನಪು ಇನ್ನೊಬ್ಬರು ತಮ್ಮ ತಂಗಿಗಾಗಿ ಆಡಿದ ಒಂದು ಹುಸಿ. ಅವರು ಅಂದು ತೊಡಿಸಿದ ಅಂಗಿಯನ್ನೇ ನಾನು ಸ್ವಂತ ಮೈಚರ್ಮವೆಂದುಕೊಂಡು ಇಷ್ಟು ವರ್ಷ ತಿರುಗಿದ್ದೆ. ನಾಚಿಕೆಯಾಯಿತು, ವಿಚಿತ್ರವೆಂದರೆ, ಹಗುರವೂ ಆಯಿತು. ಮಕ್ಕಳ ಮುಂದೆ ಆ ಕಥೆಗೆ ಒಪ್ಪುವ ಹಾಗೆ ಇರಲು ಈ ವರ್ಷಗಳಲ್ಲಿ ನಾನು ಪಟ್ಟ ಪಾಡೂ ಸುಳ್ಳೇ? ಸೋತವರ ಕಡೆ ನಿಂತವನೆಂಬ ಹೆಸರು ಸಾಲೆಯಲ್ಲಿ ಎಷ್ಟೋ ಸಲ ನನ್ನನ್ನು ಹಿಂದಿನ ಬೆಂಚಿನ ಹುಡುಗರ ಪಕ್ಕಕ್ಕೆ ದೂಡಿದೆ. ಆ ಬಯಲಿನಲ್ಲಿ ಇಡದ ಹೆಜ್ಜೆಗಳನ್ನು ಆಮೇಲೆ ಒಂದೊಂದಾಗಿ ಇಟ್ಟೆನೇನೋ. ಹೀಗೆಂದು ನನ್ನನ್ನು ನಾನೇ ಸಂತೈಸಿಕೊಳ್ಳುವುದೂ ಆ ಸಿಂಪಿಗನ ಇನ್ನೊಂದು ಹೊಲಿಗೆಯಿರಬಹುದು, ಖಾತ್ರಿಯಾಗಿ ಹೇಳಲಾರೆ.

"ಕಮಲಾಗ ಹೇಳಬೇಕಂತ ಮಾಡೀನ್ರಿ," ಎಂದೆ ಹೊರಡುವಾಗ.

"ಹೇಳ್ರಿ, ನನ್ನದೇನೂ ತಕರಾರಿಲ್ಲ." ಅಂಗಡಿಯ ಮೆಟ್ಟಿಲಿಳಿದು ಹತ್ತಿರ ಬಂದು ದನಿ ತಗ್ಗಿಸಿದರು. "ಆದ್ರ ಒಂಬತ್ತು ಅನ್ನಬ್ಯಾಡ್ರಿ. ಅವತ್ತ ಟ್ರಕ್ಕಿನ್ಯಾಗ ಹೋಗಿದ್ದ ಅಷ್ಟೂ ಮಂದಿ ತಿರುಗಿ ಬರೂ ಹಾದ್ಯಾಗ ಆಣಿ ಮಾಡಿದ್ವಿ, ಊರಾಗ ಐದು ಅಂತ ಹೇಳೂದು ಅಂತ. ನಮ್ಮ ಮನ್ಯಾಗ ಇವತ್ತಿಗೂ ಐದು."

ಸಂಜೆ ಮನೆ ಸೇರಿದಾಗ ಕಮಲಾ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಮಕ್ಕಳು ಹೊರಗೆ ಆಡುತ್ತಿದ್ದರು. ಮಣೆ ಹಾಕಿಕೊಂಡು ಕುಳಿತು ಎಲ್ಲವನ್ನೂ ಹೇಳಿದೆ: ಗಳದ ಹತ್ತಿರ ನಿಂತದ್ದು, ಬಾಗಿಲು ತೆಗೆದು ಮಲಗಿದ್ದಾನೆಂದು ನಗಿಸಿದ್ದು, ಹತ್ತು ಮಾಡಿರೆಂದು ಕೂಗಿದ್ದು, ಅವಳ ಅಣ್ಣ ದನಿ ಗುರುತಿಸಿಯೂ ಸುಳ್ಳು ಹೇಳಿದ್ದು. ಅವಳ ಕೈ ನಿಲ್ಲಲಿಲ್ಲ. ಒಂದು ರೊಟ್ಟಿ ಹಂಚಿಗೆ ಹೋಯಿತು, ಉಬ್ಬಿತು, ಇಳಿಯಿತು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದಳು.

"ಅಣ್ಣಾ ಅವತ್ತ ಎಷ್ಟ ಗೋಲ ಬಿಟ್ಟಿದ್ದ?"

"ಐದು," ಎಂದೆ ತಡಮಾಡದೆ.

ಅವಳು ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸುತ್ತ ನನ್ನನ್ನೇ ನೋಡಿದಳು. "ಐದ ಆಗಿದ್ರ ಆರು ಮಾಡ್ರೋ ಅಂತ ಒದರಬೇಕಿತ್ತಲ್ರಿ? ಹತ್ತು ಅಂತ ಯಾಕ ಒದರಿದ್ರಿ?"

ವಿಶ್ವವಿದ್ಯಾಲಯದ ಪದವಿ ಆ ಪ್ರಶ್ನೆಗೆ ಉಪಯೋಗಕ್ಕೆ ಬರಲಿಲ್ಲ. ಕಮಲಾ ಒಲೆಯ ಕಡೆ ತಿರುಗಿದಳು. ಹೆಗಲು ನಡುಗುತ್ತಿದ್ದವು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ತಿರುಗಿ ನೋಡಿದಾಗ ಕಣ್ಣಲ್ಲಿ ಎರಡೂ ಇದ್ದವು.

"ಒಂಬತ್ತೇನ್ರಿ?" ಎಂದಳು ಮೆಲ್ಲಗೆ. ನಾನು ಒಲೆಗೆ ಒಂದು ಕಟ್ಟಿಗೆ ದೂಡಿದೆ. "ಪಾಪ, ಅಣ್ಣಾ," ಎಂದು ಇನ್ನೊಂದು ಹಿಡಿ ಹಿಟ್ಟು ತೆಗೆದುಕೊಂಡಳು. ತಟ್ಟುತ್ತ ತಟ್ಟುತ್ತ ನನಗೆ ತಾಕೀತು ಮಾಡಿದಳು:

"ದೀಪಾವಳಿಗೆ ಅಣ್ಣಾ ಬರ್ತಾನ. ನನಗ ಐದು ಅಂತನ ಗೊತ್ತು, ತಿಳೀತೇನ್ರಿ?"